ವೆಬ್ ಅನ್ವಯ ಮತ್ತು ಡೇಟಾಬೇಸ್: ಕಲಿಕೆಯ ಮೊದಲ ಪ್ರಶ್ನೆಗಳ ಇತಿಹಾಸ

ಬ್ರೌಸರಿನ ಮೂಲಕ ಬಳಸಲಾಗುವ, ಆದರೆ ಮುಖ್ಯ ಕೆಲಸವೆಲ್ಲ ದೂರದ ಸರ್ವರಿನಲ್ಲಿ ನಡೆಯುವ ತಂತ್ರಾಂಶವನ್ನು ವೆಬ್ ಅನ್ವಯ ಎಂದೂ, ಅದು ನೆನಪಿನಲ್ಲಿಡಬೇಕಾದ ಮಾಹಿತಿಯನ್ನು ಕ್ರಮಬದ್ಧವಾಗಿ ಕಾಯ್ದಿಡುವ ವ್ಯವಸ್ಥೆಯನ್ನು ಡೇಟಾಬೇಸ್ ಎಂದೂ ಕರೆಯುತ್ತಾರೆ. ಇವೆರಡನ್ನು ಜೋಡಿಸಿ ಪ್ರೋಗ್ರಾಂ ಬರೆಯಲು ಹೊರಟವರು ಆರಂಭದಲ್ಲಿ ಕೇಳುವ ಪ್ರಶ್ನೆಗಳು 1990ರ ದಶಕದಿಂದ ಇಂದಿನವರೆಗೆ ಬಹುಮಟ್ಟಿಗೆ ಅವೇ ಆಗಿವೆ: ಒಂದೇ ಕೋಷ್ಟಕ ಸಾಲದೆ ಹಲವು ಏಕೆ ಬೇಕು, ಲಾಗಿನ್ ಆದವರನ್ನು ಮುಂದಿನ ಪುಟ ಏಕೆ ಗುರುತಿಸುವುದಿಲ್ಲ, ಹೆಸರಿನಲ್ಲಿ ಒಂದು ಉದ್ಧರಣ ಚಿಹ್ನೆ ಬಂದರೆ ಡೇಟಾಬೇಸಿಗೆ ಕಳಿಸುವ ಕೋರಿಕೆ, ಅಂದರೆ ಕ್ವೆರಿ, ಏಕೆ ಕೆಡುತ್ತದೆ, ಕನ್ನಡದಲ್ಲಿ ಬರೆದದ್ದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಏಕೆ ಮರಳುತ್ತದೆ. ಇವನ್ನು ಅನನುಭವದ ಲಕ್ಷಣವೆಂದು ತಳ್ಳಿಹಾಕುವುದು ಸರಿಯಲ್ಲ. ಪ್ರತಿಯೊಂದು ಪ್ರಶ್ನೆಯೂ ಬೇರೆ ಕಾಲದಲ್ಲಿ, ಬೇರೆ ಅಗತ್ಯಕ್ಕಾಗಿ ಕೈಗೊಂಡ ಒಂದು ವಿನ್ಯಾಸದ ತೀರ್ಮಾನವನ್ನು ನೇರವಾಗಿ ಮುಟ್ಟುತ್ತದೆ. ಆ ತೀರ್ಮಾನದ ಕಾರಣ ತಿಳಿಯದೆ ಉತ್ತರವನ್ನಷ್ಟೇ ಬಾಯಿಪಾಠ ಮಾಡಿದವರು ಅದೇ ತೊಡಕಿಗೆ ಮತ್ತೆ ಮತ್ತೆ ಸಿಲುಕುತ್ತಾರೆ.

1960ರ ದಶಕದ ಡೇಟಾಬೇಸುಗಳಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಪ್ರೋಗ್ರಾಂ ಬರೆಯುವವರೇ ಹಿಡಿದು ಸಾಗಬೇಕಿತ್ತು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಚಾರ್ಲ್ಸ್ ಬಾಕ್‌ಮನ್ ರೂಪಿಸಿದ ಐಡಿಎಸ್ ದಾಖಲೆಗಳನ್ನು ಕೊಂಡಿಗಳಿಂದ ಬೆಸೆದಿತ್ತು. ಅಪೋಲೋ ಯೋಜನೆಯ ಬಿಡಿಭಾಗಗಳ ಪಟ್ಟಿಯನ್ನು ನಿಭಾಯಿಸಲು ಐಬಿಎಂ ಬೆಳೆಸಿದ ಐಎಂಎಸ್ ಅವನ್ನು ಮರದ ಕೊಂಬೆಗಳಂತೆ ಮೇಲಿನಿಂದ ಕೆಳಕ್ಕೆ ಜೋಡಿಸಿತ್ತು. ಸಂಗ್ರಹದ ಒಳರಚನೆ ಬದಲಾದರೆ ಅದನ್ನು ನೆಚ್ಚಿದ್ದ ಪ್ರೋಗ್ರಾಂಗಳನ್ನೂ ತಿದ್ದಬೇಕಾಗುತ್ತಿತ್ತು. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಗಣಿತಜ್ಞ ಇ. ಎಫ್. ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧ ಈ ಅವಲಂಬನೆಯನ್ನು ಕಡಿಯಲು ಹೊರಟಿತು. ಎಲ್ಲ ಮಾಹಿತಿಯೂ ಸಾಲು ಮತ್ತು ಕಾಲಂಗಳ ಕೋಷ್ಟಕಗಳಲ್ಲಿ ಇರಬೇಕು, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ನಡುವಿನ ನಂಟು ಒಳಗಿನ ಕೊಂಡಿಗಳಿಂದಲ್ಲದೆ ಕಣ್ಣಿಗೆ ಕಾಣುವ ಮೌಲ್ಯಗಳಿಂದಲೇ ಏರ್ಪಡಬೇಕು ಎಂಬುದು ಅದರ ತಿರುಳು. ಕೋಷ್ಟಕವೆಂದರೆ ಸಾಲುಗಳ ಒಂದು ಗಣ, ಗಣಿತದಲ್ಲಿ ಗಣದ ಸದಸ್ಯರಿಗೆ ಹಿಂದು ಮುಂದು ಎಂಬುದಿಲ್ಲ. ಹೀಗಾಗಿ ನಿನ್ನೆ ಒಂದು ಕ್ರಮದಲ್ಲಿ ಬಂದ ಸಾಲುಗಳು ಇಂದು ಬೇರೆ ಕ್ರಮದಲ್ಲಿ ಬಂದವು ಎಂದು ಗಾಬರಿಯಾಗುವ ವಿದ್ಯಾರ್ಥಿ, ಕ್ರಮ ಬೇಕಿದ್ದರೆ ಅದನ್ನು ಕ್ವೆರಿಯಲ್ಲೇ ಕೇಳಬೇಕೆಂಬ ಕಾಡ್‌ನ ಮೂಲ ಕಲ್ಪನೆಯನ್ನೇ ಎದುರಿಸುತ್ತಿರುತ್ತಾನೆ.

ಹಲವು ಕೋಷ್ಟಕಗಳು ಏಕೆ ಎಂಬ ಪ್ರಶ್ನೆಗೆ ಪಹಣಿಯಷ್ಟು ಒಳ್ಳೆಯ ಉದಾಹರಣೆ ಕರ್ನಾಟಕದ ಓದುಗರಿಗೆ ಬೇರೆ ಸಿಗಲಾರದು. ‘ಭೂಮಿ’ ಯೋಜನೆಯಡಿ ಈ ಶತಮಾನದ ಆರಂಭದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಒಬ್ಬ ರೈತನಿಗೆ ಹಲವು ಸರ್ವೆ ನಂಬರುಗಳಲ್ಲಿ ಜಮೀನು ಇರಬಹುದು, ಒಂದೇ ಸರ್ವೆ ನಂಬರಿಗೆ ಅಣ್ಣತಮ್ಮಂದಿರು ಜಂಟಿ ಖಾತೆದಾರರಾಗಿರಬಹುದು. ಹೊಸಬರು ಸಾಮಾನ್ಯವಾಗಿ ಮಾಲೀಕರ ಹೆಸರುಗಳನ್ನೆಲ್ಲ ಅಲ್ಪವಿರಾಮ ಹಾಕಿ ಒಂದೇ ಕಾಲಂನಲ್ಲಿ ತುಂಬುತ್ತಾರೆ. ಆಗ ಒಬ್ಬ ರೈತನ ಒಟ್ಟು ಹಿಡುವಳಿ ಎಷ್ಟೆಂದು ಲೆಕ್ಕ ಹಾಕಲು ಹೋದರೆ ‘ರಾಮಪ್ಪ’ನನ್ನು ಹುಡುಕಿದಾಗ ‘ಶ್ರೀರಾಮಪ್ಪ’ನೂ ಸಿಗುತ್ತಾನೆ, ಒಂದು ಹೆಸರಿನ ಕಾಗುಣಿತ ತಿದ್ದಬೇಕಾದರೆ ಹತ್ತು ಕಡೆ ತಿದ್ದಬೇಕಾಗುತ್ತದೆ, ಒಂದು ಕಡೆ ಮರೆತರೂ ದಾಖಲೆಗಳು ಒಂದಕ್ಕೊಂದು ವಿರುದ್ಧವಾಗುತ್ತವೆ. ರೈತರಿಗೆ ಒಂದು, ಜಮೀನಿಗೆ ಒಂದು, ಯಾರಿಗೆ ಯಾವ ಜಮೀನಿನಲ್ಲಿ ಎಷ್ಟು ಪಾಲು ಎಂಬುದಕ್ಕೆ ಮೂರನೆಯದು ಎಂದು ಕೋಷ್ಟಕಗಳನ್ನು ಬಿಡಿಸಿದರೆ ಪ್ರತಿ ಸಂಗತಿಯೂ ಒಂದೇ ಕಡೆ ನೆಲೆಗೊಳ್ಳುತ್ತದೆ, ಬೇಕಾದಾಗ ಜಾಯಿನ್ ಎಂಬ ಕ್ರಿಯೆಯಿಂದ ಅವು ಕೂಡುತ್ತವೆ. ಹೀಗೆ ಬಿಡಿಸುವ ನಿಯಮಗಳಿಗೆ ನಾರ್ಮಲೀಕರಣ ಎಂದು ಹೆಸರು; ಅವುಗಳನ್ನು ಕಾಡ್ 1970ರ ದಶಕದ ಮೊದಲ ವರ್ಷಗಳಲ್ಲೇ ರೂಪಿಸಿದ್ದನು.

ಕಾಡ್‌ನ ಗಣಿತಭಾಷೆ ಸಾಮಾನ್ಯ ಬಳಕೆದಾರರಿಗೆ ಎಟುಕುವಂತಿರಲಿಲ್ಲ. ಅವನ ಸಹೋದ್ಯೋಗಿಗಳಾದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಇಂಗ್ಲಿಷ್ ವಾಕ್ಯದಂತೆ ಓದಿಸಿಕೊಳ್ಳುವ ಸೀಕ್ವೆಲ್ ಎಂಬ ಕ್ವೆರಿ ಭಾಷೆಯನ್ನು ಮುಂದಿಟ್ಟರು. ಬಾಯ್ಸ್ ಅದೇ ವರ್ಷ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರೂ ಭಾಷೆ ಉಳಿಯಿತು, ಹೆಸರಿನ ಹಕ್ಕಿನ ತೊಡಕಿನಿಂದಾಗಿ ಎಸ್‌ಕ್ಯೂಎಲ್ ಎಂದಾಯಿತು, 1979ರಲ್ಲಿ ಒರಾಕಲ್ ಮೂಲಕ ಮಾರುಕಟ್ಟೆಗೆ ಬಂದು 1986ರಲ್ಲಿ ಅಮೆರಿಕದ ಮಾನಕವಾಯಿತು. ವಾಕ್ಯದ ರೂಪವೇ ಒಂದು ಗೊಂದಲಕ್ಕೂ ಕಾರಣವಾಯಿತು. ಬರೆಯುವಾಗ ‘ಸೆಲೆಕ್ಟ್’ ಮೊದಲು ಬಂದರೂ ಅರ್ಥದ ದೃಷ್ಟಿಯಿಂದ ಕೋಷ್ಟಕವನ್ನು ಹೆಸರಿಸುವ ‘ಫ್ರಂ’, ಸಾಲುಗಳನ್ನು ಸೋಸುವ ‘ವೇರ್’ ಭಾಗಗಳು ಮುಂಚೆ ನಡೆಯುತ್ತವೆ. ಸೆಲೆಕ್ಟ್‌ನಲ್ಲಿ ಇಟ್ಟ ಹೊಸ ಹೆಸರನ್ನು ವೇರ್ ಭಾಗ ಗುರುತಿಸದಿರುವುದಕ್ಕೆ ಇದೇ ಕಾರಣ. ಇದಕ್ಕಿಂತ ಹೆಚ್ಚು ಕಾಡುವುದು ನಲ್, ಅಂದರೆ ಮೌಲ್ಯ ಗೊತ್ತಿಲ್ಲ ಅಥವಾ ಅನ್ವಯಿಸುವುದಿಲ್ಲ ಎಂಬ ಗುರುತು. ಗೊತ್ತಿಲ್ಲದ ಎರಡು ಸಂಗತಿಗಳು ಸಮವೋ ಅಲ್ಲವೋ ಎಂದು ಹೇಳಲಾಗದು. ಆದ್ದರಿಂದ ನಲ್ ಅನ್ನು ನಲ್‌ಗೆ ಹೋಲಿಸಿದರೆ ಬರುವ ಉತ್ತರ ನಿಜವೂ ಅಲ್ಲ, ಸುಳ್ಳೂ ಅಲ್ಲ, ಮೂರನೆಯ ಬಗೆಯದು. ಫೋನ್ ನಂಬರು ಸೊನ್ನೆಗೆ ಸಮವಲ್ಲದ ಗ್ರಾಹಕರನ್ನು ಕೇಳಿದರೆ ನಂಬರೇ ಇಲ್ಲದವರು ಪಟ್ಟಿಯಿಂದ ಸದ್ದಿಲ್ಲದೆ ಮಾಯವಾಗುವುದು ಇದರಿಂದಲೇ.

ಪಹಣಿಯ ಉದಾಹರಣೆಗೇ ಮರಳಿದರೆ, ಖಾತೆ ಬದಲಾವಣೆಯಲ್ಲಿ ಹಳೆಯ ಮಾಲೀಕನ ಹೆಸರು ತೆಗೆಯುವುದು, ಹೊಸಬನ ಹೆಸರು ಸೇರಿಸುವುದು ಎಂಬ ಎರಡು ಹೆಜ್ಜೆಗಳಿದ್ದು, ನಡುವೆ ವಿದ್ಯುತ್ ಹೋದರೆ ಜಮೀನು ಯಾರದ್ದೂ ಅಲ್ಲದಂತಾಗಬಾರದು. ಎಲ್ಲ ಹೆಜ್ಜೆಗಳೂ ನಡೆಯಬೇಕು, ಇಲ್ಲವೇ ಒಂದೂ ನಡೆಯಬಾರದು ಎಂಬ ಈ ಘಟಕಕ್ಕೆ ಟ್ರಾನ್ಸಾಕ್ಷನ್ ಎನ್ನುತ್ತಾರೆ. ಅದರ ಸಿದ್ಧಾಂತವನ್ನು 1970ರ ದಶಕದಲ್ಲಿ ಗಟ್ಟಿಗೊಳಿಸಿದವರಲ್ಲಿ ಜಿಮ್ ಗ್ರೇ ಪ್ರಮುಖನು.

ವೆಬ್ ಹುಟ್ಟಿದ್ದು ಇದಕ್ಕೆಲ್ಲ ಸಂಬಂಧವಿಲ್ಲದ ಕಡೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಪ್ರಸ್ತಾಪಿಸಿದ್ದು ಸಂಶೋಧಕರು ದಸ್ತಾವೇಜುಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯೊಂದನ್ನು. ಅದಕ್ಕಾಗಿ ರೂಪುಗೊಂಡ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ಬ್ರೌಸರ್ ಒಂದು ಪುಟ ಕೇಳುತ್ತಿತ್ತು, ಸರ್ವರ್ ಕೊಟ್ಟು ಸಂಪರ್ಕ ಕಡಿದುಕೊಳ್ಳುತ್ತಿತ್ತು. ಕೇಳಿದವರು ಯಾರೆಂದು ನೆನಪಿಡುವ ಅಗತ್ಯ ದಸ್ತಾವೇಜು ಓದುವವರಿಗೆ ಇರಲಿಲ್ಲ. 1993ರಲ್ಲಿ ಸರ್ವರಿನಿಂದ ಪ್ರೋಗ್ರಾಂ ಓಡಿಸುವ ಸಿಜಿಐ ವಿಧಾನ ಬಂದು, ಅದರ ಹಿಂದೆಯೇ ಅಂಗಡಿಗಳೂ ವೆಬ್‌ಗೆ ಬಂದಾಗ, ಖರೀದಿಯ ಬುಟ್ಟಿ ಪುಟದಿಂದ ಪುಟಕ್ಕೆ ಖಾಲಿಯಾಗುವ ಸಮಸ್ಯೆ ಎದುರಾಯಿತು. ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ 1994ರಲ್ಲಿ ಇದಕ್ಕೆ ಕುಕಿ ಎಂಬ ಪರಿಹಾರ ಕಂಡುಕೊಂಡನು: ಸರ್ವರ್ ಕೊಡುವ ಒಂದು ಚಿಕ್ಕ ಗುರುತನ್ನು ಬ್ರೌಸರ್ ಇಟ್ಟುಕೊಂಡು ಪ್ರತಿ ಬಾರಿಯೂ ತಾನಾಗಿಯೇ ತೋರಿಸುತ್ತದೆ. ಆ ಗುರುತಿಗೆ ಎದುರಾಗಿ ಸರ್ವರ್ ಬರೆದಿಟ್ಟುಕೊಳ್ಳುವ ಲೆಕ್ಕವೇ ಸೆಷನ್.

ಬಹುಪಾಲು ಕಲಿಕೆ ನಡೆದದ್ದು 1995ರಲ್ಲಿ ಹೊರಬಂದ ಎರಡು ಸಾಧನಗಳ ಜೋಡಿಯ ಮೇಲೆ. ರಾಸ್ಮಸ್ ಲೆರ್ಡಾರ್ಫ್‌ನ ಪಿಎಚ್‌ಪಿ ಪುಟದೊಳಗೇ ಪ್ರೋಗ್ರಾಂ ಬೆರೆಸಲು ಬಿಟ್ಟಿತು; ಸ್ವೀಡನ್ನಿನಲ್ಲಿ ಮೈಕಲ್ ವಿಡೇನಿಯಸ್ ಮತ್ತು ಸಂಗಡಿಗರು ಆರಂಭಿಸಿದ ಮೈಎಸ್‌ಕ್ಯೂಎಲ್ ವೇಗವಾಗಿ ಓದುವುದಕ್ಕೆ ಪ್ರಾಶಸ್ತ್ಯ ಕೊಟ್ಟಿತು. ಅದರಲ್ಲಿ ಬಹುಕಾಲ ಪೂರ್ವನಿಯೋಜಿತವಾಗಿದ್ದ ಮೈಐಸ್ಯಾಮ್ ಸಂಗ್ರಹ ವಿಧಾನಕ್ಕೆ ಟ್ರಾನ್ಸಾಕ್ಷನ್ ಗೊತ್ತಿರಲಿಲ್ಲ. ಒಂದು ಕೋಷ್ಟಕದ ಮೌಲ್ಯ ಇನ್ನೊಂದರಲ್ಲಿ ಇರಲೇಬೇಕೆನ್ನುವ ಫಾರಿನ್ ಕೀ ನಿಯಮವನ್ನು ಬರೆದರೆ ಅದು ತಪ್ಪೆನ್ನದೆ ಸ್ವೀಕರಿಸಿ ಸುಮ್ಮನೆ ಕಡೆಗಣಿಸುತ್ತಿತ್ತು. ನಿಯಮ ಹಾಕಿದರೂ ತಪ್ಪು ದಾಖಲೆ ಒಳಗೆ ಹೋಗುವುದೇಕೆಂದು ಒಂದು ಪೀಳಿಗೆಯೇ ಕೇಳಿತು. 2010ರಲ್ಲಿ ಬಂದ 5.5ನೆಯ ಆವೃತ್ತಿ ಈ ನಿಯಮವನ್ನು ಪಾಲಿಸುವ ಇನೋಡಿಬಿ ಎಂಬ ಸಂಗ್ರಹ ವಿಧಾನವನ್ನು ಪೂರ್ವನಿಯೋಜಿತವಾಗಿಸಿದ ಮೇಲೆ ಆ ಪ್ರಶ್ನೆ ಅಪರೂಪವಾಯಿತು.

ಇನ್ನೂ ದೊಡ್ಡ ಅಪಾಯ ಕ್ವೆರಿಯನ್ನು ಅಕ್ಷರಸರಪಳಿಯಾಗಿ ಹೊಲಿಯುವ ಅಭ್ಯಾಸದಲ್ಲಿತ್ತು. ಬಳಕೆದಾರ ತುಂಬಿದ ಹೆಸರನ್ನು ಎರಡು ಉದ್ಧರಣ ಚಿಹ್ನೆಗಳ ನಡುವೆ ಅಂಟಿಸಿದರೆ, ಆ ಹೆಸರಿನಲ್ಲೇ ಒಂದು ಚಿಹ್ನೆ ಇದ್ದಾಗ ಮಾಹಿತಿ ಅಲ್ಲಿಗೇ ಮುಗಿದು ಉಳಿದದ್ದು ಆಜ್ಞೆಯಾಗಿಬಿಡುತ್ತದೆ. ದುರುದ್ದೇಶದವರು ಆ ಚಿಹ್ನೆಯ ಬೆನ್ನಿಗೆ ‘ಅಥವಾ 1 = 1’ ಎಂಬರ್ಥದ ತುಣುಕು ಸೇರಿಸಿದರೆ ಷರತ್ತು ಪ್ರತಿ ಸಾಲಿಗೂ ನಿಜವಾಗಿ, ಪಾಸ್‌ವರ್ಡ್ ಇಲ್ಲದೆಯೇ ಬಾಗಿಲು ತೆರೆಯುತ್ತದೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುವ ಈ ದಾಳಿಯ ವಿವರ 1998ರ ಡಿಸೆಂಬರಿನಲ್ಲಿ ಫ್ರ್ಯಾಕ್ ಪತ್ರಿಕೆಯಲ್ಲಿ ಬಹಿರಂಗವಾಯಿತು. ಕ್ವೆರಿಯ ಚೌಕಟ್ಟನ್ನು ಮೊದಲು ಕಳಿಸಿ, ಮೌಲ್ಯಗಳನ್ನು ಅದಕ್ಕೆ ಬೆರೆಯದಂತೆ ಬೇರೆಯಾಗಿ ಕೊಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅದಕ್ಕೆ ಸರಿಯಾದ ಪರಿಹಾರ. ಪಿಎಚ್‌ಪಿಯಲ್ಲಿ ಇದಕ್ಕೆ ಅನುಕೂಲವಾದ ಪಿಡಿಒ 2005ರಲ್ಲೇ ಬಂದಿದ್ದರೂ, ಆ ಸೌಲಭ್ಯವಿಲ್ಲದ ಹಳೆಯ ಫಂಕ್ಷನ್‌ಗಳು ಭಾಷೆಯಿಂದ ಹೊರಹೋದದ್ದು 2015ರ 7.0 ಆವೃತ್ತಿಯಲ್ಲಿ, ಹಳೆಯ ಪಾಠಗಳನ್ನು ನಕಲು ಮಾಡಿಕೊಂಡು ಕಲಿತವರ ಅನ್ವಯಗಳು ಆ ಹತ್ತು ವರ್ಷ ತೆರೆದ ಬಾಗಿಲಿನಲ್ಲೇ ಉಳಿದವು. ಬ್ರೌಸರಿನ ಜಾವಾಸ್ಕ್ರಿಪ್ಟ್‌ನಲ್ಲಿ ತಪಾಸಣೆ ಮಾಡಿದ್ದರೆ ಸಾಲದೇ ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಬ್ರೌಸರ್ ಬಳಕೆದಾರನ ಹಿಡಿತದಲ್ಲಿರುವುದರಿಂದ ಅಲ್ಲಿನ ತಪಾಸಣೆ ಅನುಕೂಲಕ್ಕೆ ಮಾತ್ರ. ಕಾವಲು ಸರ್ವರಿನಲ್ಲೇ ಇರಬೇಕು.

2004ರ ರೂಬಿ ಆನ್ ರೈಲ್ಸ್, 2005ರ ಜಾಂಗೋ ಮುಂತಾದ ಚೌಕಟ್ಟುಗಳು ಕ್ವೆರಿಯನ್ನು ತಾವೇ ಬರೆದುಕೊಟ್ಟು ಈ ತಪ್ಪುಗಳನ್ನು ಬಹಳಷ್ಟು ತಗ್ಗಿಸಿದವು. ಆದರೆ ನೂರು ಲೇಖನಗಳ ಪಟ್ಟಿಗೆ ಒಂದು ಕ್ವೆರಿ, ಪ್ರತಿ ಲೇಖಕರ ಹೆಸರಿಗೆ ಮತ್ತೊಂದರಂತೆ ನೂರೊಂದು ಕ್ವೆರಿಗಳು ತೆರೆಮರೆಯಲ್ಲಿ ಓಡಿ ಪುಟ ನಿಧಾನವಾಗುವ ಹೊಸ ತೊಡಕನ್ನೂ ತಂದವು.

ಕನ್ನಡದಲ್ಲಿ ಅನ್ವಯ ರೂಪಿಸುವವರಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಅಕ್ಷರಗಳದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಂಗ್ರಹವಾಗುತ್ತಿದ್ದದ್ದು ಲ್ಯಾಟಿನ್ ಸಂಕೇತಗಳು. ಕನ್ನಡ ರೂಪ ಫಾಂಟಿನದು ಮಾತ್ರ. ಅಂಥ ಪಠ್ಯವನ್ನು ಡೇಟಾಬೇಸಿಗೆ ಹಾಕಿದರೆ ಅಕಾರಾದಿ ವಿಂಗಡಣೆ ಕೆಡುತ್ತದೆ, ಯೂನಿಕೋಡಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿದ್ದರೂ, ಮೈಎಸ್‌ಕ್ಯೂಎಲ್‌ನ ಪೂರ್ವನಿಯೋಜಿತ ಸಂಕೇತ ಲ್ಯಾಟಿನ್ 1 ಆಗಿತ್ತು, ವಿಂಗಡಣೆಯ ಕ್ರಮ ಸ್ವೀಡಿಷ್ ಭಾಷೆಯದು. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ, ಒತ್ತಕ್ಷರವನ್ನು ನ, ಹಲಂತ, ನ ಎಂದು ಬಿಡಿಸುವ ಯೂನಿಕೋಡಿಗೆ ಐದು ಸಂಕೇತ, ಯುಟಿಎಫ್-8ರಲ್ಲಿ ಸಂಕೇತಕ್ಕೆ ಮೂರರಂತೆ ಹದಿನೈದು ಬೈಟ್. ಕಾಲಂನ ಉದ್ದವನ್ನು ಬೈಟುಗಳಲ್ಲಿ ಅಳೆದರೆ ಕನ್ನಡದ ಹೆಸರು ನಡುವೆಯೇ ತುಂಡಾಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8’ ಎಂದು ಹೆಸರಿಸಿದ್ದ ಸಂಕೇತ ಮೂರು ಬೈಟುಗಳವರೆಗೆ ಮಾತ್ರ ಹಿಡಿಯುತ್ತಿದ್ದುದರಿಂದ ಕನ್ನಡಕ್ಕೆ ಸಾಕಾಗಿ ಎಮೋಜಿಗೆ ಸೋಲುತ್ತಿತ್ತು. ನಾಲ್ಕು ಬೈಟಿನ ಪೂರ್ಣ ರೂಪ 2010ರಲ್ಲಿ ಬಂದು, 2018ರ 8.0 ಆವೃತ್ತಿಯಲ್ಲಿ ಪೂರ್ವನಿಯೋಜಿತವಾಯಿತು. ಅದಕ್ಕೂ ಹಿಂದಿನ ಕೋಷ್ಟಕಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳಲ್ಲಿ ಕನ್ನಡ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಗುಂಪಾಗಿ ಕಂಡರೆ ಮೂಲ ಬೈಟುಗಳು ಒಳಗೆ ಹಾಗೇ ಉಳಿದಿರುವ ಸಂಭವ ಹೆಚ್ಚು, ಕಾಲಂ ಅನ್ನು ಮೊದಲು ಬರಿಯ ಬೈಟುಗಳಾಗಿ, ಆಮೇಲೆ ಯುಟಿಎಫ್-8 ಆಗಿ ಬದಲಿಸಿ ಅದನ್ನು ಮರಳಿ ಪಡೆಯಬಹುದು. ‘ಕನ್ನಡ’ ಐದು ಪ್ರಶ್ನಾರ್ಥಕ ಚಿಹ್ನೆಗಳಾಗಿಯೇ ದಾಖಲಾಗಿದ್ದರೆ ಬರೆಯುವ ಹೊತ್ತಿನಲ್ಲೇ ಅಕ್ಷರಗಳು ನಾಶವಾಗಿವೆ, ಅವನ್ನು ಮೂಲ ಕಾಗದದಿಂದ ಮತ್ತೆ ಟೈಪ್ ಮಾಡಬೇಕಾಗುತ್ತದೆ.