ಪ್ರಕ್ಷುಬ್ಧ ಉಷ್ಣ ಸಂವಹನದ ಮಾಪನ: ಒಂದು ಘಾತಾಂಕದ ಇತಿಹಾಸ

ಕೆಳಗಿನಿಂದ ಕಾಯಿಸಿ ಮೇಲಿನಿಂದ ತಂಪುಗೊಳಿಸಿದ ದ್ರವದ ಅಥವಾ ಅನಿಲದ ಪದರವೊಂದು ಎಷ್ಟು ಉಷ್ಣವನ್ನು ಸಾಗಿಸುತ್ತದೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳವಾದುದು. ಸೂರ್ಯನ ಹೊರವಲಯದಲ್ಲಿಯೂ ಭೂಮಿಯ ವಾಯುಮಂಡಲದಲ್ಲಿಯೂ ನಡೆಯುವ ಉಷ್ಣದ ಸಾಗಾಟವನ್ನು ಅರಿಯಲು ಇದರ ಉತ್ತರ ಅವಶ್ಯಕ. ಆದರೆ ಶತಮಾನಕ್ಕೂ ಮಿಗಿಲಾದ ಪ್ರಯೋಗಗಳ ಬಳಿಕವೂ ತೀವ್ರ ಪ್ರಕ್ಷುಬ್ಧ ಸ್ಥಿತಿಯ ಬಗೆಗೆ ಸರ್ವಸಮ್ಮತವಾದ ಉತ್ತರ ದೊರೆತಿಲ್ಲ. ಇದಕ್ಕೆ ಕಾರಣ ಪ್ರಯೋಗಗಳ ಕೊರತೆಯಲ್ಲ. ಪದರವು ಸಾಗಿಸುವ ಉಷ್ಣವನ್ನು ಅದನ್ನು ಹಿಡಿದಿಟ್ಟ ಪಾತ್ರೆಯ ಪ್ರಭಾವದಿಂದ ಬೇರ್ಪಡಿಸುವ ಕಷ್ಟ ಎಂಬುದನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

1900ರಲ್ಲಿ ಫ್ರಾನ್ಸಿನ ಆನ್ರಿ ಬೆನಾರ್ ಕಾಯಿಸಿದ ತೆಳು ದ್ರವಪದರದಲ್ಲಿ ಷಟ್ಕೋನಾಕಾರದ ಕೋಶಗಳು ಮೂಡುವುದನ್ನು ದಾಖಲಿಸಿದನು. 1916ರಲ್ಲಿ ಲಾರ್ಡ್ ರೇಲೀ ಅದಕ್ಕೆ ಗಣಿತದ ತಳಹದಿ ಒದಗಿಸಿದನು. ಬೆನಾರ್ ಕಂಡ ಕೋಶಗಳಿಗೆ ಮುಖ್ಯ ಕಾರಣ ಬಿಸಿದ್ರವದ ತೇಲುವಿಕೆಯಲ್ಲ, ಮೇಲ್ಮೈ ಸೆಳೆತ ಎಂಬುದು 1950ರ ದಶಕದಲ್ಲಿ ತಿಳಿದುಬಂದರೂ ಈ ವಿದ್ಯಮಾನಕ್ಕೆ ಇಬ್ಬರ ಹೆಸರೂ ಉಳಿದಿವೆ. ರೇಲೀ ಸಂಖ್ಯೆಯು ತಾಪಾಂತರಕ್ಕೂ ಪದರದ ಎತ್ತರದ ಘನಕ್ಕೂ ಅನುಲೋಮವಾಗಿ, ಸ್ನಿಗ್ಧತೆ ಮತ್ತು ಉಷ್ಣ ಪ್ರಸರಣಗಳಿಗೆ ವಿಲೋಮವಾಗಿ ಇರುತ್ತದೆ. ಎರಡು ಘನ ಫಲಕಗಳ ನಡುವೆ ಅದು 1708ನ್ನು ದಾಟಿದಾಗ ಚಲನೆ ಆರಂಭವಾಗುತ್ತದೆ. ಶ್ಮಿಟ್ ಮತ್ತು ಮಿಲ್ವರ್ಟನ್ 1935ರಲ್ಲಿ ನೀರಿನ ಪದರದ ಉಷ್ಣವನ್ನೇ ಅಳೆದು ಈ ಆರಂಭವನ್ನು ಗುರುತಿಸಿದರು.

ಮಾಪನದ ತತ್ತ್ವ ಹೀಗಿದೆ. ಕೆಳಫಲಕಕ್ಕೆ ನಿಯತ ವಿದ್ಯುತ್ತನ್ನು ಹರಿಸಿ, ಸ್ಥಿತಿ ಸ್ಥಿರವಾದ ಮೇಲೆ ಫಲಕಗಳ ತಾಪಾಂತರವನ್ನು ಅಳೆದು, ಸೋರಿಕೆಯನ್ನು ಕಳೆಯಬೇಕು. ಉಳಿದ ಉಷ್ಣವು ಬರಿಯ ವಹನದಿಂದ ಸಾಗಬಹುದಾಗಿದ್ದ ಉಷ್ಣದ ಎಷ್ಟು ಪಟ್ಟು ಎಂಬುದೇ ನಸೆಲ್ಟ್ ಸಂಖ್ಯೆ. ಇದು ರೇಲೀ ಸಂಖ್ಯೆಯ ಯಾವ ಘಾತದಂತೆ ಏರುತ್ತದೆ ಎಂಬುದೇ ವಿವಾದದ ತಿರುಳು. ಉಷ್ಣಕ್ಕೆ ಒಡ್ಡುವ ಅಡ್ಡಿಯೆಲ್ಲವೂ ಫಲಕಗಳಿಗೆ ಅಂಟಿದ ತೆಳು ಗಡಿಪದರಗಳಲ್ಲಿಯೇ ಇದ್ದರೆ ಘಾತಾಂಕ 1/3 ಆಗುತ್ತದೆ. 1954ರಲ್ಲಿ ಮಾಲ್ಕಸ್ ಮತ್ತು ಪ್ರೀಸ್ಟ್ಲಿ ಇದನ್ನು ಪ್ರತಿಪಾದಿಸಿದರು. ಗ್ಲೋಬ್ ಮತ್ತು ಡ್ರಾಪ್ಕಿನ್ 1959ರಲ್ಲಿ ಪಾದರಸ, ನೀರು ಹಾಗೂ ಸಿಲಿಕೋನ್ ಎಣ್ಣೆಗಳಲ್ಲಿ ಪಡೆದ ಫಲಿತಾಂಶಗಳು ಇದನ್ನು ಬೆಂಬಲಿಸಿದವು. 1962ರಲ್ಲಿ ಕ್ರೈಕ್ನನ್, ಗಡಿಪದರವೂ ಪ್ರಕ್ಷುಬ್ಧವಾದಾಗ ಲಘುಗಣಕದ ತಿದ್ದುಪಡಿಯೊಡನೆ 1/2 ಘಾತಾಂಕದ ಚರಮಸ್ಥಿತಿ ಬರುವುದೆಂದನು. ರೇಲೀ ಸಂಖ್ಯೆ ಹತ್ತು ಲಕ್ಷ ಪಟ್ಟಾದಾಗ ಮೊದಲ ನಿಯಮದಂತೆ ಉಷ್ಣ 100 ಪಟ್ಟಾದರೆ, ತಿದ್ದುಪಡಿಯನ್ನು ಬಿಟ್ಟು ನೋಡಿದರೂ ಎರಡನೆಯದರಂತೆ 1000 ಪಟ್ಟಾಗುತ್ತದೆ. ಪ್ರಯೋಗಾಲಯದ ಅಂಕಿಗಳಿಂದ ಸೂರ್ಯನನ್ನು ಕುರಿತು ಅನುಮಾನಿಸುವವರಿಗೆ ಇದು ಅಲ್ಪ ವ್ಯತ್ಯಾಸವಲ್ಲ.

ಅಧಿಕ ರೇಲೀ ಸಂಖ್ಯೆಗೆ ದಾರಿ ತೆರೆದದ್ದು ಸುಮಾರು 5 ಕೆಲ್ವಿನ್ ತಾಪದ ಹೀಲಿಯಂ ಅನಿಲ. ಅದರ ಒತ್ತಡವನ್ನು ಬದಲಿಸುವುದರಿಂದ ಒಂದೇ ಪಾತ್ರೆಯಲ್ಲಿ ಅನೇಕ ದಶಕಗಳ ವ್ಯಾಪ್ತಿಯನ್ನು ಸಾಧಿಸಬಹುದು. ತ್ರೆಲ್ಫಾಲ್ 1975ರಲ್ಲಿ ಸುಮಾರು 0.28 ಘಾತಾಂಕವನ್ನು ಪಡೆದನು. ಷಿಕಾಗೋದ ಲಿಬ್‌ಶಾಬರ್ ತಂಡ 1989ರ ಪ್ರಬಂಧದಲ್ಲಿ 2/7 ಎಂಬ ಹೊಸ ನಿಯಮವನ್ನು ಮಂಡಿಸಿತು.

ನಿಜವಾದ ತೊಡಕು ಇದರ ನಂತರದ್ದು. ಗ್ರೆನೋಬಲ್‌ನ ತಂಡ 1997ರಲ್ಲಿ 20 ಸೆಂ.ಮೀ. ಎತ್ತರದ ಪಾತ್ರೆಯಲ್ಲಿ, 10¹¹ರ ಆಚೆಗೆ ಘಾತಾಂಕವು 0.38ರ ಸುಮಾರಿಗೆ ಏರುವುದನ್ನು ಕಂಡು ಚರಮಸ್ಥಿತಿ ದೊರೆಯಿತೆಂದು ಭಾವಿಸಿತು. 2000ದಲ್ಲಿ ಅಮೆರಿಕದ ಆರೆಗನ್‌ನಲ್ಲಿ ನೀಮೆಲಾ, ಸ್ಕ್ರ್‌ಬೆಕ್, ಶ್ರೀನಿವಾಸನ್ ಮತ್ತು ಡಾನೆಲಿ ಅವರು 1 ಮೀಟರ್ ಎತ್ತರದ ಪಾತ್ರೆಯಲ್ಲಿ 10⁶ರಿಂದ 10¹⁷ರವರೆಗೆ ಅಳೆದು, 0.309 ಎಂಬ ಒಂದೇ ಘಾತಾಂಕವನ್ನು ಪ್ರಕಟಿಸಿದರು. ಇವರಲ್ಲಿ ಕೆ.ಆರ್. ಶ್ರೀನಿವಾಸನ್ ಕೋಲಾರದಲ್ಲಿ ಜನಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದವರು. ಅನಿಲ ಒಂದೇ, ವ್ಯಾಸಕ್ಕೂ ಎತ್ತರಕ್ಕೂ ಇರುವ ಅನುಪಾತವೂ ಒಂದೇ. ಫಲಿತಾಂಶ ಮಾತ್ರ ಬೇರೆ.

ಈ ವೈರುಧ್ಯವು ಸಂಶೋಧಕರ ದೃಷ್ಟಿಯನ್ನು ಅನಿಲದಿಂದ ಪಾತ್ರೆಯತ್ತ ತಿರುಗಿಸಿತು. ಪಕ್ಕದ ಉಕ್ಕಿನ ಗೋಡೆ ತೆಳುವಾಗಿದ್ದರೂ ಫಲಕಗಳ ಬಳಿ ಅನಿಲದೊಡನೆ ಉಷ್ಣವನ್ನು ವಿನಿಮಯ ಮಾಡಿಕೊಳ್ಳುವುದರಿಂದ, ಬರಿದಾದ ಪಾತ್ರೆಯ ಸೋರಿಕೆಯನ್ನು ಕಳೆದರೆ ಸಾಲದೆಂಬುದನ್ನು 2000–2001ರಲ್ಲಿ ಆಲರ್ಸ್, ರೋಶ್ ಮೊದಲಾದವರು ತೋರಿಸಿದರು. ಗೋಡೆಯ ಪಾಲು ಕಡಿಮೆ ರೇಲೀ ಸಂಖ್ಯೆಯಲ್ಲಿ ಹೆಚ್ಚಾಗಿರುವುದರಿಂದ ತಿದ್ದದ ಘಾತಾಂಕ ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಫಲಕಗಳು ಸಾಕಷ್ಟು ವಾಹಕವಾಗಿರದಿದ್ದರೆ ಉಷ್ಣದ ಸಾಗಾಟ ಕುಗ್ಗುವುದೆಂಬುದು, ತಾಮ್ರ ಮತ್ತು ಅಲ್ಯೂಮಿನಿಯಂ ಫಲಕಗಳನ್ನು ಹೋಲಿಸಿದ 2005ರ ಪ್ರಯೋಗಗಳಿಂದ ಸ್ಪಷ್ಟವಾಯಿತು. ಅನಿಲವು ಸಂಧಿಸ್ಥಿತಿಗೆ ಸಮೀಪಿಸಿದಂತೆ ಅದರ ಗುಣಗಳು ಮೇಲಕ್ಕೂ ಕೆಳಕ್ಕೂ ಭಿನ್ನವಾಗುವುದು ಮೂರನೆಯ ತೊಡಕು.

ಈ ಎಚ್ಚರಗಳ ಬಳಿಕವೂ ಭಿನ್ನಾಭಿಪ್ರಾಯ ಅಳಿಯಲಿಲ್ಲ. ಜರ್ಮನಿಯ ಗಟಿಂಗೆನ್‌ನಲ್ಲಿ 2.24 ಮೀಟರ್ ಎತ್ತರದ ಪಾತ್ರೆಯಲ್ಲಿ ಒತ್ತಡಕ್ಕೊಳಪಟ್ಟ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲವನ್ನು ಬಳಸಿದವರು, 5×10¹⁴ರ ಆಚೆಗೆ 0.38 ಘಾತಾಂಕವನ್ನು 2012ರಲ್ಲಿ ವರದಿ ಮಾಡಿದರು. ಚೆಕ್ ದೇಶದ ಬ್ರನೊ ತಂಡವು ಶೀತ ಹೀಲಿಯಂನಲ್ಲಿ 1/3ಕ್ಕೆ ಹೊಂದುವ ವರ್ತನೆಯನ್ನೇ ಕಂಡು, ಏರಿಕೆಯು ಅನಿಲಗುಣಗಳ ಬದಲಾವಣೆಯಿಂದ ಬಂದಿರಬಹುದೆಂದಿತು. ಶ್ರೀನಿವಾಸನ್ ಅವರೂ ಭಾಗಿಯಾಗಿದ್ದ 2020ರ ಗಣಕ ಲೆಕ್ಕಾಚಾರವು 10¹⁵ರವರೆಗೂ 1/3 ನಿಯಮವನ್ನು ತೋರಿಸಿತು. ಅಲ್ಲಿ ಸೋರಿಕೆಯ ಪ್ರಶ್ನೆಯಿಲ್ಲ. ಆದರೆ ಆಯ್ದ ಪಾತ್ರೆಯ ವ್ಯಾಸ ಎತ್ತರದ ಹತ್ತನೆಯ ಒಂದು ಭಾಗ ಮಾತ್ರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯವಂತ ಅರಕೇರಿ ಮತ್ತು ಸಹೋದ್ಯೋಗಿಗಳು ಬೇರೊಂದು ಮಾರ್ಗ ಹಿಡಿದರು. ಎರಡು ತೊಟ್ಟಿಗಳನ್ನು ಲಂಬವಾದ ಉದ್ದ ಕೊಳವೆಯಿಂದ ಜೋಡಿಸಿ, ಮೇಲೆ ಉಪ್ಪುನೀರನ್ನೂ ಕೆಳಗೆ ಸಿಹಿನೀರನ್ನೂ ಇರಿಸಿದರು. ಇಲ್ಲಿ ಉಷ್ಣದ ಸ್ಥಾನದಲ್ಲಿ ಉಪ್ಪು ಸಾಗುತ್ತದೆ. ಕೊಳವೆಯ ತುದಿಗಳಲ್ಲಿ ಫಲಕಗಳೇ ಇಲ್ಲ. 2009ರಲ್ಲಿ ಚೋಳೆಮರಿ ಮತ್ತು ಅರಕೇರಿ ಪ್ರಕಟಿಸಿದಂತೆ, ಸಾಗಾಟವು ಇಲ್ಲಿ 1/2 ಘಾತವನ್ನು ಅನುಸರಿಸಿತು. ಫಲಕವನ್ನು ತೆಗೆದುಹಾಕಿದಾಗ ಈ ನಿಯಮ ದೊರೆಯುವುದರಿಂದ, ಫಲಕವಿರುವಾಗ ಗಡಿಪದರ ಏನಾಗುತ್ತದೆ ಎಂಬುದೇ ಉಳಿದ ಪ್ರಶ್ನೆಯೆಂದು ನಿಷ್ಕರ್ಷಿಸಬಹುದು.

ಹೀಗೆ ನೋಡಿದಾಗ ಈ ಇತಿಹಾಸವು ಕ್ರಮೇಣ ಖಚಿತವಾಗುತ್ತ ಬಂದ ಒಂದು ಅಂಕಿಯ ಕಥೆಯಲ್ಲ. ವ್ಯಾಪ್ತಿ ಹಿಗ್ಗಿದಂತೆಲ್ಲ ಗೋಡೆ, ಫಲಕ ಮತ್ತು ಅನಿಲಗುಣಗಳ ಪಾತ್ರ ಬೆಳಕಿಗೆ ಬಂದಿತು. ಆದುದರಿಂದ ಪ್ರಕಟವಾದ ಘಾತಾಂಕವನ್ನು ಅದರ ಉಪಕರಣದ ವಿವರಗಳೊಡನೆ, ಮಾಡಿದ ತಿದ್ದುಪಡಿಗಳೊಡನೆ ಓದುವುದು ಅಗತ್ಯ. ಸೂರ್ಯನ ಒಳಗಿನ ಸಂವಹನದ ಬಗೆಗೆ ನಾವು ಆಡುವ ಮಾತಿನ ಭರವಸೆ, ಸದ್ಯಕ್ಕೆ ಈ ಪಾತ್ರೆಗಳ ಗೋಡೆ ಮತ್ತು ಫಲಕಗಳ ಮೇಲೆಯೇ ನಿಂತಿದೆ.