ಜಿಗಿ ಮತ್ತು ಅಣುತೂಕ: ಕವಲೊಡೆದ ಪಾಲಿಮರುಗಳನ್ನು ಅಳೆದ ಚರಿತ್ರೆ

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪರಿಸರದ ಅಡುಗೆಮನೆಗಳಲ್ಲಿ ಜೋಳದ ಹಿಟ್ಟಿನ ಗುಣವನ್ನು ನಿರ್ಣಯಿಸುವ ಪದ 'ಜಿಗಿ'. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿಯುವ ಎಸರಿನಲ್ಲಿ ಹಿಟ್ಟನ್ನು ನಾದಿದಾಗ ಅರೆಬೆಂದ ಪಿಷ್ಟವೇ ಮುದ್ದೆಯನ್ನು ಹಿಡಿದಿಡುತ್ತದೆ. ಬಡಿಯುವಾಗ ರೊಟ್ಟಿಯ ಅಂಚು ಒಡೆದರೆ ಹಿಟ್ಟಿನ ಜಿಗಿ ಹೋಗಿದೆಯೆಂದು ತೀರ್ಮಾನವಾಗುತ್ತದೆ. ಈ ಪದಕ್ಕೆ ಅಂಟುತನವೆಂಬ ಅರ್ಥವನ್ನಷ್ಟೇ ಕೊಟ್ಟು ಮುಂದೆ ಸಾಗುವುದು ಜಾನಪದ ಅಧ್ಯಯನಕ್ಕೆ ಸಾಲದು. ಅದು ಕಣ್ಣಿಗೆ ಕಾಣದ ದ್ರವ್ಯವೊಂದನ್ನು ಅದರ ವರ್ತನೆಯಿಂದ ಅಳೆಯುವ ಕ್ರಮ.

ಜೋಳದ ಪಿಷ್ಟದ ಬಹುಭಾಗ ಅಮೈಲೋಪೆಕ್ಟಿನ್. ಸಾವಿರಾರು ಗ್ಲೂಕೋಸ್ ಘಟಕಗಳು ಕೂಡಿ, ಸರಿಸುಮಾರು ಇಪ್ಪತ್ತು, ಇಪ್ಪತ್ತೈದು ಘಟಕಗಳಿಗೊಮ್ಮೆ ಕವಲೊಡೆದ ಪಾಲಿಮರು ಅದು. ಸಂತೆಯ ಚೀಲವಾಗಿ, ಹೊದಿಕೆಯ ಹಾಳೆಯಾಗಿ ಬಳಕೆಗೆ ಬಂದ ಕಡಿಮೆ ಸಾಂದ್ರತೆಯ ಪಾಲಿಥೀನೂ ಕವಲೊಡೆದದ್ದೇ. ಇಂಗ್ಲೆಂಡಿನ ಐಸಿಐ ಪ್ರಯೋಗಾಲಯದಲ್ಲಿ 1933ರಲ್ಲಿ ಆಕಸ್ಮಿಕವಾಗಿ ದೊರೆತದ್ದು. ರಾಸಾಯನಿಕವಾಗಿ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಇವುಗಳ ಅಣುತೂಕವನ್ನು ಅಳೆಯಹೊರಟವರು ಎದುರಿಸಿದ ತೊಡಕು ಒಂದೇ.

ಪಾಲಿಮರುಗಳೆಂದರೆ ದೀರ್ಘಾಣುಗಳೆಂದು ಜರ್ಮನಿಯ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಪ್ರತಿಪಾದಿಸಿದನು. ಅವನು ನೆಚ್ಚಿದ ಅಳತೆಗೋಲು ದ್ರಾವಣದ ಸ್ನಿಗ್ಧತೆ: ಅಣು ಉದ್ದವಾದಷ್ಟೂ ದ್ರಾವಣ ನಿಧಾನವಾಗಿ ಹರಿಯುತ್ತದೆ. ಗಂಜಿಯನ್ನು ಸೌಟಿನಿಂದ ಸುರಿದು ಹದ ನೋಡುವುದೂ ತತ್ತ್ವತಃ ಇದೇ. ಆದರೆ ಕವಲಿದ್ದಲ್ಲಿ ಈ ಗೋಲು ತಪ್ಪು ಹೇಳುತ್ತದೆ. ಒಂದೇ ತೂಕದ ನೂಲನ್ನು ಒಂದೆಡೆ ಸಡಿಲವಾಗಿ ಸುರಿದು, ಇನ್ನೊಂದೆಡೆ ತುಂಡರಿಸಿ ನಡುವೆ ಬಿಗಿದು ಗೊಂಡೆ ಕಟ್ಟಿದರೆ, ಗೊಂಡೆ ಕಡಿಮೆ ಜಾಗ ಹಿಡಿಯುತ್ತದೆ. ಕವಲೊಡೆದ ಅಣುವೂ ಹೀಗೆಯೇ ಅಡಕವಾಗಿ, ತನ್ನ ನಿಜ ತೂಕಕ್ಕಿಂತ ಹಗುರವೆಂದು ತೋರುತ್ತದೆ. ಈ ಕುಗ್ಗುವಿಕೆಯನ್ನು ಜಿಮ್ ಮತ್ತು ಸ್ಟಾಕ್‌ಮೇಯರ್ 1949ರಲ್ಲಿ ಗಣಿತದಿಂದ ನಿರೂಪಿಸಿದರು. ರಂಧ್ರಮಯ ಜೆಲ್‌ನ ಮೂಲಕ ಹರಿಸಿ ಅಣುಗಳನ್ನು ಗಾತ್ರಾನುಸಾರ ಬೇರ್ಪಡಿಸುವ, 1964ರಲ್ಲಿ ಜೆ. ಸಿ. ಮೂರ್ ರೂಪಿಸಿದ ವಿಧಾನವೂ ಗಾತ್ರವನ್ನು ತಿಳಿಸುತ್ತದೆಯೇ ಹೊರತು ತೂಕವನ್ನಲ್ಲ.

ಆಕಾರದ ಬಗೆಗೆ ಮೊದಲೇ ಏನನ್ನೂ ಊಹಿಸದೆ ತೂಕವನ್ನು ತಿಳಿಸುವುದು ದ್ರಾವಣದಲ್ಲಿ ಚದುರಿದ ಬೆಳಕು. ಇದರ ಪೂರ್ವಪೀಠಿಕೆಯಲ್ಲಿ ಸಿ. ವಿ. ರಾಮನ್ ಅವರಿಗೂ ಪಾಲಿದೆ. ಕಲಿಲ ದ್ರಾವಣಗಳ ಟಿಂಡಾಲ್ ಪರಿಣಾಮಕ್ಕೂ ಆಸ್ಮಾಟಿಕ್ ಒತ್ತಡಕ್ಕೂ ಇರುವ ನಂಟನ್ನು ಅವರು 1927ರಲ್ಲಿ, ಬೆಂಗಳೂರಿಗೆ ಬರುವುದಕ್ಕೆ ಆರು ವರ್ಷ ಮೊದಲೇ, ಚರ್ಚಿಸಿದ್ದರು. ಅದನ್ನು ಪಾಲಿಮರುಗಳ ತೂಕಮಾಪನವಾಗಿ ಬೆಳೆಸಿದವನು ಡಿಬೈ, 1940ರ ದಶಕದಲ್ಲಿ. ಅಮೈಲೋಪೆಕ್ಟಿನ್‌ನ ಅಣುತೂಕ ಕೋಟಿಗಳ ಲೆಕ್ಕದ್ದೆಂಬುದು ಖಚಿತವಾದದ್ದು ಈ ಮಾರ್ಗದಿಂದ.

ಕರ್ನಾಟಕದಲ್ಲಿ ಈ ಪ್ರಶ್ನೆ ಊಟದ ತಟ್ಟೆಗೆ ಹತ್ತಿರವಾದದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ. ಅಲ್ಲಿನ ರೆಡ್ಡಿ, ಅಲಿ ಮತ್ತು ಭಟ್ಟಾಚಾರ್ಯ 1993ರಲ್ಲಿ ಅಕ್ಕಿಯ ಅಮೈಲೋಪೆಕ್ಟಿನ್‌ನ ಸೂಕ್ಷ್ಮ ರಚನೆಗೂ ಅನ್ನದ ಹದಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದರು: ಉದ್ದ ಕವಲುಗಳು ಹೆಚ್ಚಿದ್ದ ಅಕ್ಕಿಯ ಅನ್ನ ಗಟ್ಟಿ. ಅಂದರೆ, ಒಟ್ಟು ತೂಕದಷ್ಟೇ ಕವಲಿನ ಉದ್ದವೂ ಮುಖ್ಯ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮಾನ್ವಿ ಸೀಮೆಗೆ ಈ ಶೋಧನೆ ವಿಶೇಷವಾಗಿ ಸಲ್ಲುತ್ತದೆ.

ಇಷ್ಟರಿಂದ ನಮ್ಮ ಹಿರಿಯರಿಗೆ ಅಣುವಿಜ್ಞಾನ ತಿಳಿದಿತ್ತೆಂದು ಹೇಳುವುದು ಅತಿರೇಕವಾದೀತು. ಜಾನಪದ ಬರೆಹಗಳಲ್ಲಿ ಇಂತಹ ಹೆಮ್ಮೆ ಸುಲಭವಾಗಿ ನುಸುಳುತ್ತದೆ. ಜಿಗಿ ಒಂದೇ ಕಾರಣದಿಂದ ಹೋಗುವುದೂ ಇಲ್ಲ. ಸುಗ್ಗಿಯಲ್ಲಿ ಮಳೆಗೆ ಸಿಕ್ಕು ಮೊಳೆತ ಜೋಳದಲ್ಲಿ ಕಿಣ್ವಗಳು ಪಿಷ್ಟದ ಸರಪಳಿಗಳನ್ನು ಕತ್ತರಿಸುತ್ತವೆ. ಅಲ್ಲಿ ಅಣುತೂಕವೇ ನಿಜವಾಗಿ ಇಳಿಯುತ್ತದೆ. ಬೀಸಿ ಬಹುದಿನ ಇಟ್ಟ ಹಿಟ್ಟಿನಲ್ಲಾದರೋ ಕೊಬ್ಬಿನಂಶ ಕೆಡುವುದೂ ಕಾರಣಗಳಲ್ಲೊಂದು. ರೊಟ್ಟಿ ಬಡಿಯುವ ಕೈಗೆ ಎರಡೂ ಒಂದೇ ಪದ. ಹೀಗಾಗಿ ಈ ಪದವನ್ನು ಸಂಗ್ರಹಿಸುವಾಗ ಜೋಳದ ತಳಿ, ಕೊಯ್ಲಿನ ಹೊತ್ತಿನ ಮಳೆ, ಹಿಟ್ಟು ಬೀಸಿದ ದಿನ, ಎಸರಿನ ಕಾವು ಇವೆಲ್ಲವೂ ವಕ್ತೃವಿನ ಮಾತಿನ ಜೊತೆಗೇ ದಾಖಲಾಗಬೇಕಾಗುತ್ತದೆ.