ಸಕ್ರಿಯ ಕೆಸರು ವಿಧಾನ: ಸಾಮರ್ಥ್ಯಮಾಪನದ ಇತಿಹಾಸ

ನಗರಗಳ ಕೊಳಚೆ ನೀರಿನೊಳಕ್ಕೆ ಗಾಳಿಯನ್ನೂದಿ, ಅಲ್ಲಿ ವೃದ್ಧಿಗೊಳ್ಳುವ ಸೂಕ್ಷ್ಮಜೀವಿಗಳಿಂದಲೇ ಮಲಿನಾಂಶವು ಜೀರ್ಣವಾಗುವಂತೆ ಮಾಡಿ, ಬಳಿಕ ತಳದಲ್ಲಿ ತಂಗಿದ ಕೆಸರಿನ ಒಂದು ಭಾಗವನ್ನು, ಮೊಸರಿಗೆ ಹೆಪ್ಪನ್ನು ಉಳಿಸಿಕೊಳ್ಳುವಂತೆ ಕಾದಿರಿಸಿ, ಮುಂದೆ ಬರುವ ನೀರಿಗೆ ಬೆರೆಸುವ ಕ್ರಮಕ್ಕೆ ಸಕ್ರಿಯ ಕೆಸರು ವಿಧಾನವೆಂದು ಹೆಸರು. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಇದನ್ನು ಮ್ಯಾಂಚೆಸ್ಟರಿನಲ್ಲಿ 1914ರಲ್ಲಿ ಪ್ರಕಟಪಡಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದುದರಿಂದ ಈ ವಿದ್ಯೆ ಕನ್ನಡ ನಾಡಿನಲ್ಲಿ ಬಹು ಬೇಗನೆ ಬೇರೂರಿತು.

ಶುದ್ಧೀಕರಣ ಘಟಕವೊಂದು ತನ್ನ ಕಾರ್ಯವನ್ನು ಎಷ್ಟರಮಟ್ಟಿಗೆ ನೆರವೇರಿಸಿತೆಂದು ನಿರ್ಣಯಿಸುವ ಮಾನದಂಡವಾದರೋ ಈ ವಿಧಾನಕ್ಕಿಂತ ಹಿರಿಯದು. ಬ್ರಿಟನ್ನಿನಲ್ಲಿ ಕೊಳಚೆ ವಿಲೇವಾರಿಯ ಕುರಿತು 1898ರಲ್ಲಿ ನೇಮಕಗೊಂಡ ರಾಜಾಯೋಗವು (ರಾಯಲ್ ಕಮಿಷನ್) 1912ರ ತನ್ನ ಎಂಟನೆಯ ವರದಿಯಲ್ಲಿ, ಹೊರಬಿಡುವ ನೀರಿನ ಪ್ರತಿ ಲೀಟರಿನಲ್ಲಿ ತೇಲುಕಣಗಳು ಈಗಿನ ಲೆಕ್ಕದಂತೆ 30 ಮಿಲಿಗ್ರಾಮನ್ನೂ, ಐದು ದಿನಗಳಲ್ಲಿ ಅದು ಹೀರುವ ಆಮ್ಲಜನಕವು 20 ಮಿಲಿಗ್ರಾಮನ್ನೂ ಮೀರಕೂಡದೆಂದು ಸೂಚಿಸಿತು. ಈ ಎರಡನೆಯ ಅಳತೆಯೇ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಬಿಓಡಿ. ಆದರೆ ನೀರು ಸೇರುವ ನದಿಯಲ್ಲಿ ಅದರ ಎಂಟು ಪಟ್ಟಾದರೂ ಶುದ್ಧಜಲ ಹರಿಯುತ್ತಿರಬೇಕೆಂಬ ನಿಬಂಧನೆ ಆ ಅಂಕೆಗಳಿಗೆ ಆಧಾರವಾಗಿತ್ತು. ಅಂಕೆಗಳು ದೇಶದೇಶಗಳಿಗೆ ಹಬ್ಬಿದಂತೆ ಈ ನಿಬಂಧನೆ ಮರೆಯಾದುದು ವಿಷಾದಕರ.

ಕೆಸರು ತಂಗುವ ಗುಣವನ್ನು ಅಳೆಯುವ ಸೂಚ್ಯಂಕವನ್ನು 1934ರಲ್ಲಿ ಮೋಲ್ಮನ್ ರೂಪಿಸಿದನು: ಅರ್ಧ ಗಂಟೆ ನಿಂತ ಬಳಿಕ ಒಂದು ಗ್ರಾಂ ಕೆಸರು ಎಷ್ಟು ಮಿಲಿಲೀಟರ್ ಸ್ಥಳವನ್ನು ಆಕ್ರಮಿಸುವುದೆಂಬುದೇ ಅದು. ಬೆಂಗಳೂರಿನ ಸಂಸ್ಥೆಯಲ್ಲಿ ಪಿಳ್ಳೆ ಮತ್ತು ಸುಬ್ರಹ್ಮಣ್ಯನ್ ಅವರು 1942ರಲ್ಲಿ ಪ್ರಕಟಿಸಿದ ಶೋಧನೆ, ಶುದ್ಧೀಕರಣದಲ್ಲಿ ಬ್ಯಾಕ್ಟೀರಿಯಗಳಷ್ಟೇ ಅಲ್ಲದೆ ಪ್ರೊಟೊಜೋವಗಳೂ ಮಹತ್ತರ ಪಾತ್ರ ವಹಿಸುತ್ತವೆಂದು ಪ್ರತಿಪಾದಿಸಿತು. ಕೆಸರಿನ ಹನಿಯೊಂದನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಘಟಕದ ಆರೋಗ್ಯವನ್ನು ತಿಳಿಯುವ ಪರಿಪಾಟಿಗೆ ನಮ್ಮ ನಾಡು ಸಲ್ಲಿಸಿದ ಈ ಕಾಣಿಕೆ ಇನ್ನಷ್ಟು ಪ್ರಸಿದ್ಧಿಗೆ ಅರ್ಹವಾದುದು. ಭಾರತದಲ್ಲಿ ಬಿಓಡಿ ಪರೀಕ್ಷೆಯನ್ನು ಇಲ್ಲಿನ ಉಷ್ಣತೆಗೆ ಹೊಂದಿಸಿ, 27 ಡಿಗ್ರಿ ಸೆಲ್ಸಿಯಸಿನಲ್ಲಿ ಮೂರು ದಿನ ನಡೆಸುವುದು ಮುಂದೆ ರೂಢಿಗೆ ಬಂದಿತು.

ರಾಜಾಯೋಗದ ಆ ನಿಬಂಧನೆಯನ್ನು ಮಲೆನಾಡಿನಲ್ಲಿ ಮತ್ತೆ ನೆನೆಯಬೇಕಾಗಿದೆ. ತೀರ್ಥಹಳ್ಳಿಯಲ್ಲಿ ಮಳೆಗಾಲದ ತುಂಗೆ ರಾಮತೀರ್ಥದ ಕಲ್ಲುಮಂಟಪವನ್ನೇ ಮುಳುಗಿಸುವಳು. ಬೇಸಗೆಯಲ್ಲಿಯಾದರೋ ಬಂಡೆಗಳ ನಡುವೆ ಕೃಶಳಾಗಿ ಸಾಗುವಳು. ಸಾಗರದ ವರದೆ ಉಗಮಕ್ಕೆ ಸಮೀಪದ ಕಿರುಹೊಳೆಯಾದುದರಿಂದ ಎಂಟು ಪಟ್ಟಿನ ನೀರನ್ನು ವರ್ಷವಿಡೀ ಅದರಿಂದ ನಿರೀಕ್ಷಿಸಲಾಗದು. ಹೊಸನಗರದ ಕಡೆಯ ನೀರು ಶರಾವತಿಯ ಮೂಲಕ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ನಿಲ್ಲುವುದು. ನಿಂತ ನೀರಿನಲ್ಲಿ ಪಾಚಿಯನ್ನು ಪೋಷಿಸುವ ಸಾರಜನಕ, ರಂಜಕಗಳನ್ನು ಬಿಓಡಿಯ ಅಂಕೆಯೊಂದೇ ತಿಳಿಸಲಾರದು. ಇದಲ್ಲದೆ, ಆಷಾಢದ ಮಳೆ ಒಳಚರಂಡಿಗೆ ನುಗ್ಗಿದಾಗ ಘಟಕಕ್ಕೆ ಬರುವ ಕೊಳಚೆಯೇ ತೆಳುವಾಗಿ, ಶೇಕಡಾವಾರು ಶುದ್ಧೀಕರಣ ಕುಗ್ಗಿದಂತೆ ತೋರುವುದು. ಆದುದರಿಂದ ಇಂತಹ ಪ್ರದೇಶದ ಘಟಕವನ್ನು ಪರೀಕ್ಷಿಸುವವರು ನೀರಿನ ಪ್ರಮಾಣವನ್ನೂ ಜೊತೆಯಲ್ಲಿ ಅಳೆದು, ದಿನವೊಂದಕ್ಕೆ ಒಳಬಂದ ಮತ್ತು ಹೊರಹೋದ ಮಲಿನಾಂಶವನ್ನು ಕಿಲೋಗ್ರಾಮುಗಳಲ್ಲಿ, ಮಳೆಗಾಲಕ್ಕೂ ಬೇಸಗೆಗೂ ಪ್ರತ್ಯೇಕವಾಗಿ ಗಣಿಸುವುದು ಯುಕ್ತ.